ನಾಲಿಗೆ ಮೇಸ್ತ್ರಿಯ ನಾಲ್ಕು ಊರು

ಇವತ್ತು ಏನೂ ಆಗದಿರಲಪ್ಪಾ ಅಂತ ಕೈ ಮುಗಿದು ಮನೆ ಬಿಟ್ಟ ದಿನವೇ ಏನಾದರೊಂದು ಆಗುತ್ತಿತ್ತು. ಕೊನೆಕೊನೆಗೆ ಕೈ ಮುಗಿಯೋದನ್ನೇ ಬಿಟ್ಟೆ. ಆಗಲೂ ಆಗುತ್ತಿತ್ತು. ನನ್ನ ಕೆಲಸವೇ ಅಂಥದ್ದು.

ಮಹಾರಾಜರ ಕಾಲದ ಮಾತು. ಜರ್ಮನಿ ಯುದ್ಧ ನಡೀತಿತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ಊರಲ್ಲೂ ಅಲ್ಲೊಂದು ಇಲ್ಲೊಂದು ಬೀದಿಗೆ ಪೈಪು ಎಳೆದು, ಅನುಕೂಲಸ್ಥರ ಮನೆಗೆ ನಲ್ಲಿ ಕೊಟ್ಟಿದ್ದರು. ಎಂಜಿನ್ ಓಡಿದಾಗ ನೀರು, ನಿಂತಾಗ ಇಲ್ಲ. ನೀರು ನಿಂತ ಹೊತ್ತಲ್ಲಿ ಬೀದಿ ಪೈಪಿಗೆ ಒಂದು ಕೆಟ್ಟ ಚಾಳಿ. ಯಾರಾದರೂ ನಲ್ಲಿಗೆ ಟ್ಯೂಬು ಸಿಕ್ಕಿಸಿ ಅದರ ತುದಿಯನ್ನು ತೊಟ್ಟಿಯಲ್ಲೋ ಬಾನಿಯಲ್ಲೋ ಮುಳುಗಿಸಿಟ್ಟಿದ್ದರೆ, ಅದರಲ್ಲಿದ್ದದ್ದನ್ನೆಲ್ಲ ಹಿಂದಕ್ಕೆ ಹೀರಿಕೊಂಡು ಮುಂದಿನ ಮನೆಯವರಿಗೆ ಕುಡಿಸಿಬಿಡುತ್ತಿತ್ತು. ಅದು ಆಗಬಾರದು ಅಂತ ಪ್ರತಿ ಮನೆಯ ಮುಂದೆ ಒಂದು ಗುಂಡಿ ತೋಡಿ, ಅದರಲ್ಲಿ ತೆಂಗಿನಕಾಯಿ ಗಾತ್ರದ ಒಂದು ವಾಲ್ವು ಕೂರಿಸಿದ್ದರು. ಒಳಗೊಂದು ನಾಲಿಗೆ ನೇತಾಡುತ್ತಿರುತ್ತೆ. ನೀರು ಮನೆಗೆ ಹೋಗುವಾಗ ಎತ್ತಿಕೊಳ್ಳುತ್ತೆ, ವಾಪಸು ಬರಲು ನೋಡಿದರೆ ಬಿದ್ದು ಮುಚ್ಚಿಕೊಳ್ಳುತ್ತೆ. ನಾಲ್ಕು ಊರಿನ ಅಷ್ಟೂ ವಾಲ್ವುಗಳ ಮುಚ್ಚಳ ಬಿಚ್ಚಿ, ಪಾಚಿ ಮಣ್ಣು ತೊಳೆದು, ನಾಲಿಗೆ ಸವೆದಿದ್ದರೆ ಹೊಸದು ಹಾಕಿ, ಮತ್ತೆ ಮುಚ್ಚೋದು ನನ್ನ ಕೆಲಸ. ಅದಕ್ಕೇ ಎಲ್ಲ ಕಡೆ ನನಗೆ ನಾಲಿಗೆ ಮೇಸ್ತ್ರಿ ಅಂತಲೇ ಹೆಸರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಸುತ್ತಿತ್ತು.

ನನಗೆ ಸಾಕಾಗಿಹೋಗಿತ್ತು. ಗುಂಡಿ ಮುಂದೆ ಕುಕ್ಕರುಗಾಲಲ್ಲಿ ಕೂತು ಕೂತು ಮಂಡಿ ಎರಡೂ ಮಾತು ಕೇಳುತ್ತಿರಲಿಲ್ಲ. ಹೆಂಡತಿ ಕೊರಟಗೆರೆಯಲ್ಲಿ, ನಾನು ಊರೂರಿನ ಛತ್ರದ ಜಗಲಿಯಲ್ಲಿ. ಕೊರಟಗೆರೆ ಪಂಪ್ ಹೌಸಿನಲ್ಲಿ ಒಂದು ಜಾಗ ಇತ್ತು. ಬೆಳಿಗ್ಗೆ ಎಂಜಿನ್ ಹಾಕೋದು, ಹೊಂಗೆ ಮರದ ಕೆಳಗೆ ಕುರ್ಚಿಯಲ್ಲಿ ಕೂರೋದು, ಎಂಜಿನ್ ಆರಿಸೋದು, ಮನೆಗೆ ಹೋಗಿ ಬಿಸಿ ಮುದ್ದೆ ತಿನ್ನೋದು. ನನ್ನ ಜನ್ಮದಲ್ಲಿ ನಾನು ಆಸೆಪಟ್ಟದ್ದು ಆ ಕುರ್ಚಿ ಒಂದನ್ನೇ.

ಮಧುಗಿರಿಯಲ್ಲಿದ್ದ ನಮ್ಮ ಓವರ್ಸಿಯರ್ ಸಾಹೇಬರ ಹತ್ತಿರ ಹೋಗಿ ಕೇಳಿಕೊಂಡೆ. ಅವರು ಕನ್ನಡಕ ಒರೆಸುತ್ತಾ ಹೇಳಿದರು.

"ನೋಡಯ್ಯ, ಪಂಪ್ ಹೌಸಿನ ಮುದುಕ ರಾಮನವಮಿಗೆ ರಿಟೈರ್ ಆಗ್ತಾನೆ. ಜಾಗ ನಿನಗೇ ಕೊಡ್ತೀನಿ. ಆದರೆ ಈ ದೀಪಾವಳಿಯಿಂದ ರಾಮನವಮಿ ಸಂಜೆವರೆಗೆ ನಿನ್ನ ಮೇಲೆ ಒಂದೇ ಒಂದು ದೂರು ಬರಕೂಡದು. ಬಂತೋ, ಮತ್ತೆ ಆ ಮಾತು ಎತ್ತಬೇಡ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಮುದ್ದೆ ತೊಳಸೋ ಕೋಲು ನಿಲ್ಲಿಸಲೂ ಇಲ್ಲ.

"ಒಂದೂ ದೂರು ಬರ್ಬಾರ್ದು ಅಂದ್ರೆ ನಾಕೂರಿನ ಜನ ಸತ್ತೋಗಿರ್ಬೇಕು, ಇಲ್ಲ ನೀವು ಸತ್ತೋಗಿರ್ಬೇಕು. ಸುಮ್ಕೆ ಉಣ್ಣಿ" ಅಂದಳು.

೧. ಎಮ್ಮೆಯ ಊಟ

ಮೊದಲ ಗಂಡಾಂತರ ಪಾವಗಡದಲ್ಲಿ. ಅಲ್ಲಿ ನಲ್ಲಿ ಇದ್ದವರಿಗೆಲ್ಲ ಒಂದು ಗುಮಾನಿ. ಮನೆ ಮುಂದೆ ಗುಂಡಿಯಲ್ಲಿ ಕೂತಿರೋ ಈ ಹಿತ್ತಾಳೆ ಬುರುಡೆ ತಮ್ಮ ಪಾಲಿನ ನೀರನ್ನು ಹಿಡಿದಿಟ್ಟುಕೊಂಡು ಪಕ್ಕದ ಮನೆಗೆ ಕೊಡುತ್ತೆ ಅಂತ. ಪಕ್ಕದ ಮನೆಯವರಿಗೂ ಅದೇ ಗುಮಾನಿ.

ಕಡಲೆಕಾಯಿ ಮಂಡಿಯ ಒಬ್ಬ ಶೆಟ್ಟರ ಮನೆ. ನಾನು ಇನ್ನೂ ಗುಂಡಿಯ ಚಪ್ಪಡಿ ಸರಿಸುತ್ತಿದ್ದೆ, ಪಕ್ಕದ ಮನೆಯ ಹೆಡ್‌ಮಾಸ್ತರರು ಪಂಚೆ ಮೇಲೆತ್ತಿಕೊಂಡು ಬಂದರು. ಕೈಯಲ್ಲೊಂದು ಲೋಟ. ಲೋಟದೊಳಗೆ ನೀರು, ನೀರಿನ ಮೇಲೆ ಹೊಟ್ಟು.

"ಇದೇನ್ರೀ ಇದು? ಒಂದು ವಾರದಿಂದ ನನ್ನ ನಲ್ಲೀಲಿ ಹಿಂಗೇ ಬರ್ತಿದೆ. ಮೊದಲು ಮಣ್ಣು ಅಂದ್ಕೊಂಡೆ. ಸೋಸಿ ಕುಡಿದೆ. ಇವತ್ತು ನಮ್ಮ ಮನೆಯವಳು ಮೂಸಿ ನೋಡಿ, ಇದು ಹಿಂಡಿ ವಾಸನೆ ಅಂತಾಳೆ. ಈಗಲೇ ಓವರ್ಸಿಯರ್‌ಗೆ ಬರೀತೀನಿ."

ಶೆಟ್ಟರ ವಾಲ್ವಿನ ಮುಚ್ಚಳ ಬಿಚ್ಚಿದೆ. ನಾಲಿಗೆ ಬೀಳದ ಹಾಗೆ ಅಡ್ಡಕ್ಕೆ ಒಂದು ಪೊರಕೆ ಕಡ್ಡಿ ಚುಚ್ಚಿಟ್ಟಿತ್ತು. ಹಿತ್ತಲಿಗೆ ಹೋಗಿ ನೋಡಿದರೆ, ನಲ್ಲಿಗೆ ಸಿಕ್ಕಿಸಿದ ಟ್ಯೂಬಿನ ತುದಿ ಎಮ್ಮೆಯ ಬಾನಿಯಲ್ಲಿ ಮುಳುಗಿದೆ. ಬಾನಿಯಲ್ಲಿ ಕಡಲೆಕಾಯಿ ಹಿಂಡಿ, ತೌಡು, ಅಕ್ಕಚ್ಚು ಎಲ್ಲ ಕದಡಿಟ್ಟಿದೆ. ಎಂಜಿನ್ ನಿಂತಾಗಲೆಲ್ಲ ಎಮ್ಮೆಯ ಊಟ ಪೈಪಿನಲ್ಲಿ ಹೊರಟು ಮಾಸ್ತರರ ಲೋಟಕ್ಕೆ ಬಂದಿದೆ.

"ಶೆಟ್ರೇ, ಈ ಕಡ್ಡಿ ಯಾರಿಟ್ಟಿದ್ದು?" ಅಂದೆ.

"ನೇನೇ ಪೆಟ್ಟಿನಾನು ಮೇಸ್ತ್ರಿ. ಆ ನಾಲಿಗೆ ನಮ್ಮ ನೀಳ್ಳನ್ನ ನುಂಗ್ತಾ ಇತ್ತು. ಬಾಯಿ ತೆಗೆಸಿ ಕಡ್ಡಿ ಇಟ್ಟೆ" ಅಂದರು ಅರ್ಧ ತೆಲುಗಿನಲ್ಲಿ, ತಾವೇ ಮಾಡಿದ್ದು ಅಂತ ಎದೆ ಉಬ್ಬಿಸಿ.

ನಾನು ಇಬ್ಬರಿಗೂ ಸೇರಿಸಿ ವಿಷಯ ಬಿಡಿಸಿ ಹೇಳಿದೆ. ನೀರು ಹೇಗೆ ಹಿಂದಕ್ಕೆ ಹೋಗುತ್ತೆ, ಬಾನಿಯಲ್ಲಿದ್ದದ್ದು ಎಲ್ಲಿಗೆ ಹೋಯಿತು, ಎಲ್ಲ. ಶೆಟ್ಟರು ಕೇಳುತ್ತಾ ಕೇಳುತ್ತಾ ಎಮ್ಮೆಯನ್ನು ನೋಡಿದರು. ಆಮೇಲೆ ಹೆಡ್‌ಮಾಸ್ತರರ ಹೊಟ್ಟೆಯನ್ನು ನೋಡಿದರು.

"ಅದೇ ನಾನು ವಾರದಿಂದ ಯೋಚನೆ ಮಾಡ್ತಿದ್ದೆ" ಅಂದರು. "ಅಷ್ಟು ಹಿಂಡಿ ಹಾಕ್ತೀನಿ, ಎಮ್ಮೆ ಯಾಕೆ ಸೊರಗ್ತಾ ಐತೆ ಅಂತ. ತಿಂದೋರು ನೀವಾ ಮಾಸ್ತರೇ?"

ಅಷ್ಟು ಹೊತ್ತಿಗೆ ಜಗಲಿ ಮೇಲೆ ಬೀದಿ ಜನ ಸೇರಿತ್ತು. ಮಾಸ್ತರರು ಲೋಟವನ್ನು ಪಂಚೆಯ ಮರೆಗೆ ಸರಿಸಿದರು. ದೂರಿನ ಮಾತನ್ನು ಅವರು ಆಮೇಲೆ ಎತ್ತಲೇ ಇಲ್ಲ. ನಾನು ಕಡ್ಡಿ ತೆಗೆದು, ನಾಲಿಗೆ ತೊಳೆದು, ಟ್ಯೂಬು ಮೇಲಕ್ಕೆ ಕಟ್ಟಿ ಹೊರಟೆ. ಬೀದಿ ತುದಿಯವರೆಗೂ ಶೆಟ್ಟರ ದನಿ ಕೇಳಿಸುತ್ತಿತ್ತು. "ಅಲ್ಲ ಮಾಸ್ತರೇ, ಹಿಂಡಿಗೆ ಒಸಿ ಉಪ್ಪು ಜಾಸ್ತಿ ಆಗಿತ್ತಾ? ಎಮ್ಮೆ ಹೇಳಲ್ಲ ನೋಡಿ, ಅದಕ್ಕೆ ಕೇಳ್ದೆ."

೨. ಕಲಾಯಿ

ಶಿರಾದಲ್ಲಿ ಹಾಕಿದ್ದು ಹಳೇ ಮಾದರಿ ವಾಲ್ವುಗಳು. ಅವುಗಳ ನಾಲಿಗೆಯೂ ಹಿತ್ತಾಳೆಯದೇ. ಬೇರೆ ಊರುಗಳ ಚರ್ಮದ ನಾಲಿಗೆಗಿಂತ ವಾಸಿ, ತೊಳೆದಿಟ್ಟರೆ ಸಾಕು. ಆದ್ದರಿಂದ ಶಿರಾ ಅಂದರೆ ನನಗೆ ಸ್ವಲ್ಪ ಆರಾಮ. ಅಲ್ಲಿ ಕೋಟೆ ಹತ್ತಿರದ ಒಂದು ಗಲ್ಲಿಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಸಾಹೇಬರೊಬ್ಬರಿದ್ದರು. ವಯಸ್ಸಾದವರು. ನಾನು ಹೋದಾಗಲೆಲ್ಲ ಚಹಾ ತರಿಸಿ, ನನ್ನ ಮಂಡಿ ನೋವು ವಿಚಾರಿಸುತ್ತಿದ್ದರು. ನಾಲ್ಕು ಊರಲ್ಲಿ ನನ್ನ ಮಂಡಿ ವಿಚಾರಿಸುತ್ತಿದ್ದವರು ಅವರೊಬ್ಬರೇ.

ಒಂದು ಸಲ ಅವರು ಗುಂಡಿಯ ಹತ್ತಿರ ನಿಂತು ನನ್ನ ಕೆಲಸ ನೋಡಿದರು. ವಾಲ್ವಿನ ಒಳಗೆ ಹಸಿರು ಕಿಲುಬು ಹಿಡಿದಿತ್ತು.

"ತೋಬಾ ತೋಬಾ. ಹಿತ್ತಾಳೆಗೆ ಕಲಾಯಿ ಇಲ್ಲದೆ ಜನಕ್ಕೆ ನೀರು ಕುಡಿಸ್ತೀರಾ ಮೇಸ್ತ್ರಿ? ಒಂದು ಪಾತ್ರೆಗೆ ಹಿಂಗೆ ಆದ್ರೆ ನಾವು ಅಡುಗೆ ಮಾಡಕ್ಕೆ ಬಿಡಲ್ಲ" ಅಂದರು.

"ಏನು ಮಾಡೋದು ಸಾಹೇಬ್, ನಾನು ತಿಕ್ಕಿ ತೊಳೀತೀನಿ, ಅಷ್ಟೇ" ಅಂದೆ. ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮುಂದಿನ ಸುತ್ತಿಗೆ ಹೋದರೆ ಗಲ್ಲಿಯ ಬಾಯಲ್ಲೇ ಜನ ನಿಂತಿದ್ದಾರೆ. ಎರಡು ದಿನದಿಂದ ಯಾರ ಮನೆಗೂ ಒಂದು ತೊಟ್ಟು ನೀರಿಲ್ಲ. ಬೀದಿ ಪೈಪಿನಲ್ಲಿ ಭರ್ತಿ ನೀರು, ಮನೆಯೊಳಗೆ ಒಣ ನಲ್ಲಿ. ಅರ್ಜಿ ಬರೆಯಲು ಆಗಲೇ ಒಬ್ಬರು ಕಾಗದ ತಂದಿದ್ದರು. ನಾನು ಮೊದಲ ಗುಂಡಿಯ ವಾಲ್ವು ಬಿಚ್ಚಿದೆ. ಒಳಗೆಲ್ಲ ಬೆಳ್ಳಿ ತಟ್ಟೆಯ ಹಾಗೆ ಥಳಥಳ. ಅಷ್ಟು ಚೆಂದದ ವಾಲ್ವನ್ನು ನಾನು ನೋಡಿರಲಿಲ್ಲ. ನಾಲಿಗೆ ಮಾತ್ರ ಅಲ್ಲಾಡಲಿಲ್ಲ. ಬುಡದಿಂದ ತುದಿಯವರೆಗೆ ತವರ ಕರಗಿಸಿ ಕಲಾಯಿ ಹಾಕಿ, ಸುತ್ತ ಒಂದು ಎಳೆ ಸಂದೂ ಉಳಿಯದ ಹಾಗೆ ಮೆತ್ತಿಬಿಟ್ಟಿತ್ತು. ಎರಡನೇ ಮನೆಯದೂ ಹಾಗೇ. ಇಡೀ ಗಲ್ಲಿಯದೂ ಹಾಗೇ.

ಸಾಹೇಬರು ತಿದಿ ಬಿಟ್ಟು, ಕೈ ಒರೆಸಿಕೊಂಡು ನಗುತ್ತಾ ಬಂದರು.

"ಹೆಂಗಿದೆ? ನೀವು ಪಾಪ ಬಹಳ ಮೆಹನತ್ ಮಾಡ್ತೀರಿ. ನೀರು ಇಲ್ಲದ ಹೊತ್ತು ನೋಡಿ ನಾನೇ ಎಲ್ಲ ಬಿಚ್ಚಿ ಹಾಕಿಬಿಟ್ಟೆ. ಇನ್ನು ಹತ್ತು ವರ್ಷ ಕಿಲುಬು ಹತ್ತಲ್ಲ."

"ಸಾಹೇಬ್, ನಾಲಿಗೆ ಅಂಟಿಕೊಂಡಿದೆ. ಅದು ಅಲ್ಲಾಡಬೇಕು."

"ಯಾಕೆ ಅಲ್ಲಾಡಬೇಕು? ನೀವೇ ಹೇಳಿದ್ರಿ, ಮನೆ ನೀರು ಬೀದಿಗೆ ವಾಪಸ್ ಬರಬಾರದು, ಅಷ್ಟೇ ಇದರ ಕೆಲಸ ಅಂತ. ಈಗ ಒಂದು ತೊಟ್ಟು ವಾಪಸ್ ಬಂದ್ರೆ ನನ್ನ ಕೇಳಿ."

ಅವರ ಮೇಲೆ ಕೋಪ ಮಾಡಿಕೊಳ್ಳೋಕೂ ನನ್ನಲ್ಲಿ ಶಕ್ತಿ ಇರಲಿಲ್ಲ. ಇಬ್ಬರೂ ಕೂತು ಒಂದೊಂದನ್ನೇ ಮತ್ತೆ ಕಾಯಿಸಿ, ತವರ ಕೊಡವಿ, ಅರ ಹಾಕಿ ಉಜ್ಜಿದೆವು. ಅರ್ಧಕ್ಕರ್ಧ ನಾಲಿಗೆಗಳು ಸೊಟ್ಟಗಾದವು. ಹೊಸ ಹಿತ್ತಾಳೆ ಎಲ್ಲಿಂದ ಬರಬೇಕು, ಅದೆಲ್ಲ ಯುದ್ಧಕ್ಕೆ ಹೋಗಿತ್ತು. ಅವಕ್ಕೂ ಚರ್ಮವೇ ಕತ್ತರಿಸಿ ಹಾಕಿದೆ. ಜನ ಅರ್ಜಿ ಕಾಗದ ಹಿಡಿದು ನಿಂತೇ ಇದ್ದರು. ಆಗ ಸಾಹೇಬರು ನನ್ನ ಕಡೆ ನಿಂತು ಒಂದೇ ಮಾತು ಹೇಳಿದರು.

"ಈ ಮೇಸ್ತ್ರಿ ಮೇಲೆ ದೂರು ಬರೆಯೋರ ಮನೆ ದೇಗುಚಿಗೆ ಹಬ್ಬದ ಮುಂಚೆ ನಾನು ಕಲಾಯಿ ಹಾಕಲ್ಲ."

ಕಾಗದ ತಂದವರು ಅದನ್ನು ಮಡಿಸಿ, ಬೀಡಿ ಹಚ್ಚೋಕೆ ಬೇಕಾಗುತ್ತೆ ಅಂತ ಜೇಬಿಗಿಟ್ಟುಕೊಂಡರು.

೩. ಇದ್ದಿಲು ಬಸ್ಸು

ಪೆಟ್ರೋಲು ಸಿಗದ ಕಾಲ. ಬಸ್ಸಿನ ಹಿಂದೆ ಒಂದು ದೊಡ್ಡ ಒಲೆ ಕಟ್ಟಿ, ಇದ್ದಿಲು ತುಂಬಿ, ಅದರ ಹೊಗೆಯಲ್ಲಿ ಗಾಡಿ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಅನ್ನೋದು ಮರ್ಯಾದೆಗೆ. ಏರು ಬಂದರೆ ಪ್ಯಾಸೆಂಜರು ಇಳಿದು ನೂಕಬೇಕು. ನನ್ನ ಮಂಡಿಯ ಅರ್ಧ ಸವೆತ ಗುಂಡಿಗಳದ್ದು, ಇನ್ನರ್ಧ ಈ ಬಸ್ಸಿನದ್ದು.

ಮಾಘದಲ್ಲಿ ಒಂದು ದಿನ ಪಾವಗಡದಿಂದ ಬರುತ್ತಿದ್ದೆ. ಮದಲೂರು ಕೆರೆಯ ಹತ್ತಿರದ ಏರಿನಲ್ಲಿ ಬಸ್ಸು ನಿಂತಿತು. ಒಲೆಯಿಂದ ಬರುವ ಕೊಳವೆಯ ಕೀಲಿನಲ್ಲಿ ಹೊಗೆ ಸೋರುತ್ತಿದೆ, ವಾಷರ್ ಸುಟ್ಟುಹೋಗಿದೆ ಅಂತ ಡ್ರೈವರ್ ಹೇಳಿದ. ಅಷ್ಟರಲ್ಲಿ ಬಸ್ಸಿನಲ್ಲಿದ್ದ ಒಬ್ಬ ನನ್ನ ಗುರುತು ಹಿಡಿದ.

"ಲೇ, ಇವರು ನಾಲಿಗೆ ಮೇಸ್ತ್ರಿ ಕಣ್ಲಾ. ಚೀಲದ ತುಂಬ ಚರ್ಮ ಇಟ್ಕಂಡವ್ರೆ" ಅಂದ.

ಎಲ್ಲರೂ ನನ್ನ ಚೀಲದ ಕಡೆ ತಿರುಗಿದರು. ಅದರಲ್ಲಿದ್ದದ್ದು ಚೆನ್ನಾಗಿ ಹದ ಮಾಡಿದ ಚರ್ಮ, ಮಧುಗಿರಿಯ ಮನೆಗಳಿಗೆ ಅಂತ ಕತ್ತರಿಸಿಟ್ಟುಕೊಂಡದ್ದು. ಅದು ಸರ್ಕಾರಿ ಸಾಮಾನು ಅಂದೆ. ಕೊಡದಿದ್ದರೆ ಬಸ್ಸು ನಿಲ್ಲಿಸಿದವನು ನೀನೇ ಅಂತ ದೂರು ಬರೀತೀವಿ ಅಂದರು. ದೂರು ಅನ್ನೋ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಕೈ ತಾನಾಗಿ ಚೀಲ ಬಿಚ್ಚಿತು. ಡ್ರೈವರ್ ಇದ್ದ ನಾಲಿಗೆಗಳನ್ನೆಲ್ಲ ಒಂದರ ಮೇಲೊಂದು ಇಟ್ಟು ಕೀಲಿಗೆ ಬಿಗಿದ.

ಬಸ್ಸು ಗುರುಗುಟ್ಟಿತು. ಅರ್ಧ ಏರು ಹತ್ತಿತು. ಆಮೇಲೆ ನಿಂತು, ನಿಧಾನಕ್ಕೆ ಹಿಂದಕ್ಕೆ ಜಾರಿ, ಹೊರಟ ಜಾಗಕ್ಕೇ ಬಂತು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ ನನ್ನನ್ನು ಬೇಜಾರಿನಿಂದ ನೋಡಿದ.

"ಹಿಂದಕ್ಕೆ ಹೋಗಲ್ಲ ಅಂತ ತಾನೆ ಊರೂರಿಗೆ ಇದನ್ನ ಹಾಕ್ತಿರೋದು ಮೇಸ್ತ್ರಿ?" ಅಂದ.

೪. ಮಡಿ ನೀರು

ಒಳ್ಳೇ ಚರ್ಮವೆಲ್ಲ ಬಸ್ಸಿಗೆ ಹೋಯಿತಲ್ಲ, ಮಧುಗಿರಿಗೆ ಬಂದಾಗ ಕೈಯಲ್ಲಿ ಉಳಿದಿದ್ದದ್ದು ಹಸಿ ವಾಸನೆ ಹೋಗದ ಎಮ್ಮೆ ಚರ್ಮದ ಒಂದು ತುಂಡು. ಅದನ್ನೇ ಹಿಡಿದು ಮೊದಲು ಓವರ್ಸಿಯರ್ ಸಾಹೇಬರ ಮನೆಗೆ ಹೋದೆ. ಗುಂಡಿಯ ಚಪ್ಪಡಿ ತೆಗೆದು ಚರ್ಮವನ್ನು ನೆನೆಹಾಕಿದ್ದೇ ತಡ, ಬಾಗಿಲ ಮರೆಯಿಂದ ಅವರ ತಾಯಿಯ ದನಿ ಬಂತು. ಎಂಬತ್ತರ ಹತ್ತಿರದ ಮಡಿ ಹೆಂಗಸು.

"ಏನೋ ಅದು ವಾಸನೆ?"

"ನಲ್ಲಿ ವಾಲ್ವಿಗೆ ಹಾಕೋದಮ್ಮ."

"ಏನು ಹಾಕೋದು ಅಂದೆ?"

ಸುಳ್ಳು ಹೇಳೋಕೆ ಹೊಳೆಯಲಿಲ್ಲ. "ಚರ್ಮ" ಅಂದೆ.

ಒಳಗೆ ಒಂದು ತಂಬಿಗೆ ನೆಲಕ್ಕೆ ಬಿತ್ತು. "ಅಯ್ಯೋ ಶಿವನೇ. ಇಷ್ಟು ದಿನ ನಾನು ದೇವರಿಗೆ ಅಭಿಷೇಕ ಮಾಡಿದ್ದು ಚರ್ಮ ಸವರಿಕೊಂಡು ಬಂದ ನೀರಲ್ಲೇನೋ?"

ನನ್ನ ಬುದ್ಧಿಗೆ ಏನು ಬಂತೋ, ಸಮಾಧಾನ ಹೇಳಲು ಹೋದೆ. "ದೇವಸ್ಥಾನದ ಮೃದಂಗಕ್ಕೂ ಚರ್ಮವೇ ಅಲ್ವಾ ಅಮ್ಮ, ಅದು ಗರ್ಭಗುಡಿ ಮುಂದೆಯೇ ಇರುತ್ತೆ."

"ಮೃದಂಗವನ್ನ ನಾನು ಕುಡೀತೀನೇನೋ?" ಅಂದರು.

ಅಷ್ಟರಲ್ಲಿ ಓವರ್ಸಿಯರ್ ಸಾಹೇಬರು ಹೊರಗೆ ಬಂದರು. ಊರವರಿಗೆಲ್ಲ ನಿಯಮ ಓದಿ ಹೇಳುತ್ತಿದ್ದ ಮನುಷ್ಯ. ತಾಯಿಯ ಮುಂದೆ ಜನಿವಾರ ತಿರುಗಿಸುತ್ತಾ ನಿಂತುಬಿಟ್ಟರು. "ಅಮ್ಮಾ, ನಾಲಿಗೆ ಇಲ್ಲದೆ ನಲ್ಲಿ ಇಡೋ ಹಾಗಿಲ್ಲ, ಹಿತ್ತಾಳೆ ಸಿಗ್ತಾ ಇಲ್ಲ" ಅಂತ ಮೆಲ್ಲಗೆ ಹೇಳಿದರು. ಅಜ್ಜಿ ಒಳಗೆ ಹೋಗಿ ಸ್ವಲ್ಪ ಹೊತ್ತಿನ ಮೇಲೆ ಬಂದರು. ಕೈಯಲ್ಲಿ ಒಂದು ಹಳೇ ಕೃಷ್ಣಾಜಿನ, ಜಪಕ್ಕೆ ಕೂರುವ ಜಿಂಕೆಯ ಚರ್ಮ.

"ನಮ್ಮ ಯಜಮಾನರು ಇದರ ಮೇಲೆ ಕೂತು ನಲವತ್ತು ವರ್ಷ ಗಾಯತ್ರಿ ಮಾಡಿದ್ದಾರೆ. ಇದಕ್ಕಿಂತ ಮಡಿ ಲೋಕದಲ್ಲಿ ಯಾವುದಿದೆ? ಕತ್ತರಿಸಿ ಇದನ್ನ ಹಾಕು."

ನಾನು ಮುಟ್ಟಿ ನೋಡಿದೆ. ತೀರ ತೆಳು, ಮೇಲೆ ಕೂದಲು ಬೇರೆ. "ಅಮ್ಮಾ, ಇದು ಒದ್ದೆಯಾದರೆ ಅಪ್ಪಳದ ಹಾಗೆ ಮುದುರುತ್ತೆ, ಸರಿಯಾಗಿ ಮುಚ್ಚಿಕೊಳ್ಳಲ್ಲ" ಅಂದೆ.

"ಅವರು ಕೂತಾಗ ಒಂದು ದಿನವೂ ಮುದುರಲಿಲ್ಲ" ಅಂದರು.

ನಾನು ಸಾಹೇಬರ ಮುಖ ನೋಡಿದೆ. ಸಾಹೇಬರು ತೆಂಗಿನ ಮರ ನೋಡುತ್ತಿದ್ದರು. ಜಿಂಕೆ ಚರ್ಮವನ್ನೇ ಕತ್ತರಿಸಿ ಹಾಕಿದೆ. ಅಜ್ಜಿ ಅಲ್ಲಿಗೇ ಬಿಡಲಿಲ್ಲ. ಮಿಕ್ಕ ಚರ್ಮವನ್ನು ರಾಮಮಂದಿರಕ್ಕೆ ಕಳಿಸಿ, ಅರ್ಚಕರಿಗೂ ಹೇಳಿಬಿಟ್ಟರು. ಅರ್ಚಕರು ಅವತ್ತೇ ನನ್ನನ್ನು ಹಿಡಿದು, ಮಂದಿರದ ವಾಲ್ವಿಗೂ ಜಿಂಕೆ ನಾಲಿಗೆಯೇ ಆಗಬೇಕು, ಇಲ್ಲದಿದ್ದರೆ ರಾಮನಿಗೆ ಈ ಊರಲ್ಲಿ ಸ್ನಾನ ಇಲ್ಲ, ಅದನ್ನು ಬರೆದು ಕಳಿಸ್ತೀನಿ ಅಂದರು. ಮತ್ತೆ ದೂರು. ನಾನು ಸಾಹೇಬರ ಹತ್ತಿರ ಓಡಿದೆ. ಇದು ನಿಯಮಕ್ಕೆ ಸರಿಯೇ ಸ್ವಾಮಿ, ಮುಂದೆ ಏನಾದರೂ ಆದರೆ ಅಂತ ಕೇಳಿದೆ.

ಅವರು ನಿಯಮದ ಪುಸ್ತಕ ತಿರುವಿ ನೋಡಿದರು. "ನಿಯಮದಲ್ಲಿ ಚರ್ಮ ಅಂತ ಇದೆ. ಯಾವ ಪ್ರಾಣಿದು ಅಂತ ಬರೆದಿಲ್ಲ" ಅಂದರು.

೫. ರಾಮನವಮಿ

ಅಂತೂ ರಾಮನವಮಿ ಬಂತು. ಒಂದೂ ದೂರು ಬಂದಿರಲಿಲ್ಲ. ನನಗೇ ನಂಬಿಕೆ ಬರಲಿಲ್ಲ. ಬೆಳಿಗ್ಗೆ ಮಧುಗಿರಿಗೆ ಬಂದು ಛತ್ರದ ಜಗಲಿಯಲ್ಲಿ ಕೂತೆ. ಸಂಜೆ ಸಾಹೇಬರ ಹತ್ತಿರ ಆರ್ಡರ್ ಇಸಕೊಂಡು ಕೊರಟಗೆರೆ ಬಸ್ಸು ಹತ್ತೋದು ಅಂತ ಸ್ಪ್ಯಾನರ್‌ಗಳನ್ನೆಲ್ಲ ಒರೆಸಿ ಗಂಟು ಕಟ್ಟಿಟ್ಟಿದ್ದೆ. ಇವತ್ತು ಒಂದು ಮುಚ್ಚಳವನ್ನೂ ಮುಟ್ಟಬಾರದು ಅಂತ ತೀರ್ಮಾನ ಮಾಡಿಕೊಂಡಿದ್ದೆ.

ಊರಿನ ರಚನೆ ಸ್ವಲ್ಪ ಹೇಳಬೇಕು. ನೀರಿನ ಟ್ಯಾಂಕು ಎತ್ತರದಲ್ಲಿ. ಅಲ್ಲಿಂದ ಪೈಪು ಮೊದಲು ಮೇಲಿನ ಬೀದಿಗೆ. ಅಲ್ಲಿ ವ್ಯಾಪಾರಸ್ಥರು, ವಕೀಲರು. ಆ ಬೀದಿ ಮುಗಿಯುವ ಕಡೆ ರಾಮಮಂದಿರ. ಮಂದಿರ ದಾಟಿದರೆ ಇಳಿಜಾರು, ಕೆಳಗಿನ ಬೀದಿ. ಅಲ್ಲಿ ನೇಯ್ಗೆಯವರು, ತರಕಾರಿ ಮಾರುವವರು. ಮಂದಿರದ ಪಾನಕಕ್ಕೆ ಬೆಲ್ಲ, ಏಲಕ್ಕಿ, ಮೆಣಸು ಎಲ್ಲ ಮೇಲಿನ ಬೀದಿಯವರ ಸೇವೆ. ಹಿಂದಿನಿಂದ ಬಂದ ಪದ್ಧತಿ.

ಮಧ್ಯಾಹ್ನದ ಹೊತ್ತಿಗೆ ನನ್ನ ಪಕ್ಕದಲ್ಲಿ ಕೂತಿದ್ದವನ ತಂಬಿಗೆಗೆ ಇರುವೆ ಮುತ್ತಿತು. ಅವನು ಕೆಳಗಿನ ಬೀದಿಯ ನಲ್ಲಿಯಲ್ಲಿ ಹಿಡಿದು ತಂದ ನೀರು. ನೀರಿಗೆ ಯಾಕೆ ಇರುವೆ ಅಂತ ನಾನು ನೋಡುತ್ತಿರುವಾಗಲೇ ಇಳಿಜಾರಿನಿಂದ ಒಬ್ಬ ಹೆಂಗಸು ಕೊಡ ಹಿಡಿದುಕೊಂಡು ಓಡಿ ಬಂದಳು.

"ಬನ್ರಪ್ಪೋ, ನಲ್ಲೀಲಿ ರಾಮದೇವ್ರು ಪಾನಕ ಬುಟ್ಟವ್ನೆ. ಏಲಕ್ಕಿನೂ ಐತೆ" ಅಂದಳು.

ಯಾರಿಗೂ ಗೊತ್ತಾಗದ್ದು ನನಗೆ ಗೊತ್ತಾಗಿಹೋಗಿತ್ತು. ಗಂಟು ಹೆಗಲಿಗೇರಿಸಿ, ಮಂಡಿ ಹಿಡಿದುಕೊಂಡು ಕೆಳಗಿನ ಬೀದಿಗೆ ಇಳಿದೆ. ಅಷ್ಟು ಹೊತ್ತಿಗೆ ನಲ್ಲಿಗಳಿಗೆ ಕುಂಕುಮ ಇಟ್ಟಿದ್ದರು, ಹೂವು ಮುಡಿಸಿದ್ದರು. ಕೊಡ, ಚೊಂಬು, ಮಗ್ಗದವರ ಗಂಜಿ ತಪ್ಪಲೆ, ಎಲ್ಲ ಸಾಲಾಗಿ ನಿಂತಿದ್ದವು. ಒಬ್ಬ ಮುದುಕ ನನ್ನ ಬಾಯಿಗೇ ಒಂದು ಲೋಟ ಸುರಿದ. ಮಂದಿರದ್ದೇ ಪಾನಕ. ಸಂಶಯವೇ ಇಲ್ಲ, ಮೆಣಸು ಮೂಗಿಗೆ ಹತ್ತಿತು.

"ನಮ್ ಬೀದಿ ಮ್ಯಾಲೆ ದೇವ್ರಿಗೆ ಈಗ ಕಣ್ ಬಿತ್ತು ಮೇಸ್ತ್ರಿ" ಅಂತ ಅವನು ಕಣ್ಣು ಒರೆಸಿಕೊಂಡ. ನಾನು ಅವನ ಲೋಟ ಹಿಡಿದುಕೊಂಡು ಮಿಕ್ಕದ್ದನ್ನೂ ಕುಡಿದೆ.

ಮತ್ತೆ ಏರು ಹತ್ತಿ ಮಂದಿರಕ್ಕೆ ಬಂದೆ. ಅಡುಗೆ ಮನೆಯಲ್ಲಿ ಆಳೆತ್ತರದ ಕೊಪ್ಪರಿಗೆ. ಪಾನಕ ಗಟ್ಟಿಯಾಯಿತು ಅಂತ ಅರ್ಚಕರು ನಲ್ಲಿಗೆ ಟ್ಯೂಬು ಸಿಕ್ಕಿಸಿ ತುದಿಯನ್ನು ಕೊಪ್ಪರಿಗೆಯ ತಳಕ್ಕೆ ಇಳಿಬಿಟ್ಟು, ಪೂಜೆಗೆ ಹೋಗಿದ್ದಾರೆ. ಅದೇ ಹೊತ್ತಿಗೆ ಎಂಜಿನ್ ನಿಂತಿದೆ, ಟ್ಯಾಂಕು ಬರಿದಾಗಿದೆ. ಕೆಳಗಿನ ಬೀದಿಯವರು ನಲ್ಲಿ ತಿರುಗಿಸಿದ್ದಾರೆ. ವಾಲ್ವಿನ ಮುಚ್ಚಳ ಬಿಚ್ಚಿ ನೋಡಿದೆ. ಜಿಂಕೆ ನಾಲಿಗೆ ಸುರುಳಿ ಸುತ್ತಿಕೊಂಡು ಒಂದು ಮೂಲೆಗೆ ಒರಗಿ ಮಲಗಿತ್ತು. ಮುಕ್ಕಾಲು ಕೊಪ್ಪರಿಗೆ ಖಾಲಿ.

ಅರ್ಚಕರು ಕೊಪ್ಪರಿಗೆಯ ಪಕ್ಕದಲ್ಲೇ ಕೈ ಮುಗಿದು ನಿಂತಿದ್ದರು. "ನಾನು ನೈವೇದ್ಯ ತೋರಿಸಿ ತಿರುಗಿ ನೋಡೋಷ್ಟರಲ್ಲಿ ಸ್ವಾಮಿ ಕುಡಿದುಬಿಟ್ಟಿದ್ದಾನೆ ಕಣಯ್ಯ. ಮೂವತ್ತು ವರ್ಷದಿಂದ ತೋರಿಸ್ತಾ ಇದ್ದೀನಿ, ಒಂದು ತೊಟ್ಟು ಮುಟ್ಟಿರಲಿಲ್ಲ" ಅಂದರು.

ಮೇಲೆ ದೇವರು ಕುಡಿದಿದ್ದ, ಕೆಳಗೆ ದೇವರು ಕುಡಿಸಿದ್ದ. ನಡುವೆ ನಾನೊಬ್ಬ ನಿಂತಿದ್ದೆ. ಅಷ್ಟರಲ್ಲಿ ಸುದ್ದಿ ಕೇಳಿ ಓವರ್ಸಿಯರ್ ಸಾಹೇಬರು ಬಂದರು. ಗುಂಡಿ ನೋಡಿದರು, ನನ್ನ ಮುಖ ನೋಡಿದರು, ನನ್ನನ್ನು ಪಕ್ಕಕ್ಕೆ ಕರೆದರು.

"ನಾಲಿಗೆ?"

"ತಾಯಿಯವರು ಕೊಟ್ಟದ್ದೇ ಸ್ವಾಮಿ."

"ಇದು ನಮ್ಮಿಬ್ಬರಲ್ಲೇ ಇರಲಿ."

"ಇರುತ್ತೆ ಸ್ವಾಮಿ. ದೂರು ಮಾತ್ರ ಯಾರೂ ಕೊಟ್ಟಿಲ್ಲ" ಅಂತ ನೆನಪು ಮಾಡಿದೆ.

ಅವರು ಸುತ್ತ ನೋಡಿದರು. ಎಲ್ಲರೂ ಕೈ ಮುಗಿಯುತ್ತಿದ್ದರು. "ನಿಜವೇ, ಯಾರೂ ಕೊಟ್ಟಿಲ್ಲ. ಸಂಜೆ ಬಾ, ಆರ್ಡರ್ ಬರೆದಿಟ್ಟಿರ್ತೀನಿ" ಅಂದರು.

ನಾನು ಹಳೇ ಎಮ್ಮೆ ಚರ್ಮದ ತುಂಡನ್ನೇ ವಾಲ್ವಿಗೆ ಹಾಕಿ ಮುಚ್ಚಿದೆ. ಅರ್ಚಕರು ಭಕ್ತಿಯಲ್ಲಿ ಮುಳುಗಿದ್ದರಿಂದ ವಾಸನೆ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿಗೆ ಎಂಜಿನ್ ಹತ್ತಿತು, ಎಲ್ಲ ಬೀದಿಗೂ ನೀರು ಬಂತು. ಕೆಳಗಿನ ಬೀದಿಯ ಪಾನಕವೂ ತೊಳೆದುಹೋಯಿತು. ನಾನು ಕೊರಟಗೆರೆಯ ಕುರ್ಚಿಯನ್ನು ಹೊಂಗೆ ಮರದ ಯಾವ ಕಡೆ ಹಾಕಿಕೊಂಡರೆ ಸಂಜೆ ಬಿಸಿಲು ಬೀಳಲ್ಲ ಅಂತ ಯೋಚನೆ ಮಾಡುತ್ತಾ ಕೂತೆ. ನಿಜ ಹೇಳಬೇಕೆಂದರೆ ಆ ಒಂದು ಗಂಟೆ ನನ್ನಷ್ಟು ಸುಖವಾಗಿ ಇದ್ದವರು ಊರಲ್ಲಿ ಯಾರೂ ಇರಲಿಲ್ಲ.

ಸಂಜೆ ಸಾಹೇಬರ ಮನೆಗೆ ಹೋದೆ. ಆರ್ಡರ್ ಬರೆದು ಮೇಜಿನ ಮೇಲೆ ಇಟ್ಟಿತ್ತು. ಸಹಿ ಮಾಡಲು ಅವರು ಪೆನ್ನು ಮಸಿಯಲ್ಲಿ ಅದ್ದಿದರು. ಆಗ ಹೊರಗೆ ಗದ್ದಲ ಕೇಳಿಸಿತು. ಮೇಲಿನ ಬೀದಿಯ ಹಿರಿಯರು, ಜರತಾರಿ ಪೇಟ ಇಟ್ಟುಕೊಂಡೇ ಬಂದಿದ್ದರು. ಮುಂದೆ ನಿಂತಿದ್ದ ವಕೀಲರ ಕೈಯಲ್ಲಿ ಒಂದು ಅರ್ಜಿ.

"ಈ ಮೇಸ್ತ್ರಿ ಮೇಲೆ ದೂರು" ಅಂದರು.

ಸಾಹೇಬರ ಪೆನ್ನು ಅಲ್ಲೇ ನಿಂತಿತು. "ಏನು ಮಾಡಿದ?"

"ಬೆಲ್ಲ ನಮ್ಮದು, ಏಲಕ್ಕಿ ನಮ್ಮದು, ಮೆಣಸು ನಮ್ಮದು. ಮಂದಿರ ನಮ್ಮ ಬೀದೀಲಿರೋದು. ಪಾನಕ ಮಾತ್ರ ಕೆಳಗಿನ ಬೀದಿಗೆ ಹೋಗುತ್ತೆ. ಇವನು ಬೆಳಗಿನಿಂದ ಛತ್ರದಲ್ಲಿ ಕೂತಿದ್ದನಂತೆ, ಮಧ್ಯಾಹ್ನ ಕೆಳಗಿನ ಬೀದೀಲಿ ಲೋಟ ಹಿಡಿದಿದ್ದನ್ನ ನೋಡಿದವರಿದ್ದಾರೆ. ಯಾವ ಪೈಪು ಯಾವ ಕಡೆ ತಿರುಗಿಸಬೇಕು ಅನ್ನೋದು ಇವನ ಕೈಯಲ್ಲಿ ಇಲ್ವಾ?"

"ನಿಮ್ಮ ನಲ್ಲಿಗಳಲ್ಲಿ ಏನು ಬಂತು?" ಅಂತ ಸಾಹೇಬರು ಕೇಳಿದರು.

ವಕೀಲರು ಕನ್ನಡಕ ಏರಿಸಿಕೊಂಡು ಅರ್ಜಿಯನ್ನೇ ಓದಿದರು. "ನಾವು ಎಷ್ಟು ಹೊತ್ತು ಭಕ್ತಿಯಿಂದ ಕಾದರೂ ನಮ್ಮ ನಲ್ಲಿಗಳಲ್ಲಿ ಬಂದದ್ದು ಬರೀ ನೀರು."

ನಾನು ಸಾಹೇಬರನ್ನು ನೋಡಿದೆ. ನಿಜ ಹೇಳಿದರೆ ಅವರ ತಾಯಿಯ ಕೃಷ್ಣಾಜಿನದ ವಿಷಯ ಹೊರಗೆ ಬರುತ್ತೆ. ಸಾಹೇಬರು ಮತ್ತೆ ಕಿಟಕಿಯಾಚೆಯ ತೆಂಗಿನ ಮರ ನೋಡಿದರು. ಆಮೇಲೆ ಆರ್ಡರನ್ನು ನಾಲ್ಕು ಮಡಿಕೆ ಮಡಿಸಿ ಡ್ರಾಯರಿನೊಳಗೆ ಇಟ್ಟರು.

"ದೂರು ದೂರೇ ಅಲ್ವೇನಯ್ಯ" ಅಂದರು ಮೆಲ್ಲಗೆ.

ಕೊರಟಗೆರೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಎಲ್ಲ ಕೇಳಿ, ಮುದ್ದೆ ಬಡಿಸಿ, ಪಾನಕ ಒಸಿ ತರಬಾರದಿತ್ತಾ ಅಂದಳು. ಮಾರನೇ ದಿನ ಬೆಳಿಗ್ಗೆ ಪಾವಗಡದ ಇದ್ದಿಲು ಬಸ್ಸು ನೂಕುತ್ತಾ ನಾನು ಒಂದೇ ಯೋಚನೆ ಮಾಡುತ್ತಿದ್ದೆ. ನಲ್ಲಿಯಲ್ಲಿ ಹೊಟ್ಟು ಬಂತು ಅಂತ ಹೇಳಿದವರನ್ನು ತಡೆದೆ, ನೀರೇ ಬರಲಿಲ್ಲ ಅಂದವರನ್ನೂ ತಡೆದೆ. ನಲ್ಲಿಯಲ್ಲಿ ನೀರು ಬಂತು ಅಂತ ದೂರು ಕೊಟ್ಟವರನ್ನು ಹೇಗೆ ತಡೆಯೋದು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.